ಒಬ್ಬನೇ ಹಾರಿದ ಮೊದಲ ಸಲವೇ ಮೈಕ್ರೋಲೈಟ್ ಬಿದ್ದದ್ದೇಕೆ?

ನಿಮ್ಮ ಅಣ್ಣನ ಮಗ ಬೋಧಕರಿಲ್ಲದೆ ಮೊದಲ ಬಾರಿಗೆ ಹೊರಟಾಗ ಮೈಕ್ರೋಲೈಟ್ ಎಂಬ ಪುಟ್ಟ ಹಗುರ ವಿಮಾನ ನೆಲ ಬಿಟ್ಟ ಕೂಡಲೇ ಎಡಕ್ಕೆ ವಾಲಿ ಬಿದ್ದಿತೆಂದೂ, ಅದಕ್ಕೆ ಎಂಜಿನ್ ಕಾರಣವೋ ಹುಡುಗ ಕಾರಣವೋ ಎಂದೂ ಕೇಳಿದ್ದೀರಿ. ವಾಯುಪಡೆಯ ತಾಂತ್ರಿಕ ವಿಭಾಗದಿಂದ ನಿವೃತ್ತನಾಗಿ ಗೋಣಿಕೊಪ್ಪದ ಬಳಿ ನೆಲೆಸಿರುವ ನಾನು ಇಂಥದ್ದೇ ಒಂದು ಅವಘಡವನ್ನು ಕಣ್ಣಾರೆ ಕಂಡವನು.

ಮೊದಲು ಪ್ರೊಪೆಲ್ಲರ್ ನೋಡಿ. ಎಂಜಿನ್ ನಿಂತ ಮೇಲೆ ಬಿದ್ದ ವಿಮಾನದಲ್ಲಿ ಸಾಮಾನ್ಯವಾಗಿ ಒಂದು ಅಲಗು ಮುರಿದು ಉಳಿದವು ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ನಾನು ಕಂಡದ್ದರಲ್ಲಿ ಮೂರೂ ಅಲಗುಗಳು ಬುಡದವರೆಗೆ ಸೀಳಿ, ಚೂರುಗಳು ಪಕ್ಕದ ಗದ್ದೆಗೆ ಸಿಡಿದಿದ್ದವು. ಅಂದರೆ ನೆಲಕ್ಕೆ ಬಡಿಯುವಾಗಲೂ ಎಂಜಿನ್ ಜೋರಾಗಿಯೇ ತಿರುಗುತ್ತಿತ್ತು. (ಬಟ್ಟೆಯ ರೆಕ್ಕೆಯೇ ಕಾರಣವೆಂದು ಊರಿನಲ್ಲಿ ಹಲವರು ಈಗಲೂ ವಾದಿಸುತ್ತಾರೆ. ಆ ಡೇಕ್ರಾನ್ ಬಟ್ಟೆ ಎಲ್ಲಿಯೂ ಹರಿದಿರಲಿಲ್ಲ.)

ಎರಡು ಆಸನದ ಈ ಹಗುರ ವಿಮಾನದಿಂದ ಬೋಧಕರು ಇಳಿದರೆಂದರೆ ಒಟ್ಟು ತೂಕದಲ್ಲಿ ದೊಡ್ಡ ಪಾಲೇ ಇಳಿಯುತ್ತದೆ. ಹೀಗಾಗಿ ನಿನ್ನೆಯವರೆಗೆ ರೂಢಿಯಾಗಿದ್ದಷ್ಟೇ ಸ್ಟಿಕ್ (ವಿಮಾನದ ಮೂಗನ್ನೂ ರೆಕ್ಕೆಗಳನ್ನೂ ಏರಿಳಿಸುವ ಹಿಡಿಕೆ) ಎಳೆದರೂ ಮೂಗು ಬೇಗನೆ, ಬೇಕಾದದ್ದಕ್ಕಿಂತ ಹೆಚ್ಚಾಗಿ ಮೇಲೇಳುತ್ತದೆ. ನೆಲಕ್ಕೆ ತೀರ ಸಮೀಪದಲ್ಲಿ ರೆಕ್ಕೆಯನ್ನು ಹಿಂದಕ್ಕೆಳೆಯುವ ಗಾಳಿಯ ತಡೆ ಕಡಿಮೆಯಿರುವುದರಿಂದ ವೇಗ ಸಾಲದಿದ್ದರೂ ವಿಮಾನ ತೇಲುತ್ತದೆ, ಆದರೆ ಅದೇ ವೇಗದಲ್ಲಿ ಇನ್ನೂ ಮೇಲಕ್ಕೆ ಎಳೆದರೆ ಸ್ಟಾಲ್ ಆಗಿ, ಎಂದರೆ ರೆಕ್ಕೆಯ ಎತ್ತುವ ಬಲ ತಪ್ಪಿ, ಒಂದು ರೆಕ್ಕೆ ಕುಸಿಯುತ್ತದೆ. ಕುಸಿದ ರೆಕ್ಕೆಯನ್ನು ಎತ್ತಲು ಸ್ಟಿಕ್ ಅನ್ನು ವಿರುದ್ಧ ದಿಕ್ಕಿಗೆ ತಳ್ಳುವುದು ಹೊಸಬರ ಸಹಜ ಪ್ರತಿಕ್ರಿಯೆ. ಅದರಿಂದ ಆ ರೆಕ್ಕೆ ಇನ್ನಷ್ಟು ಆಳವಾಗಿ ಸ್ಟಾಲ್ ಆಗುತ್ತದೆ. ಮಾಡಬೇಕಾದದ್ದು ಸ್ಟಿಕ್ ಅನ್ನು ಮುಂದಕ್ಕೆ ಒತ್ತಿ ಮೂಗು ಇಳಿಸುವುದು, ಆದರೆ ನೆಲ ಕಣ್ಣೆದುರೇ ಇರುವಾಗ ಕೈ ಅದಕ್ಕೆ ಒಪ್ಪುವುದಿಲ್ಲ.

ನಮ್ಮ ಕಡೆ ಇದಕ್ಕೆ ಬಿಸಿಲೂ ಸೇರಿಕೊಳ್ಳುತ್ತದೆ. ಗೋಣಿಕೊಪ್ಪ, ಪೊನ್ನಂಪೇಟೆಗಳು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿವೆ. ಮಾರ್ಚ್ ತಿಂಗಳ ಮಧ್ಯಾಹ್ನ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಗಾಳಿ ತೆಳುವಾಗಿ, ವಿಮಾನದ ಮಟ್ಟಿಗೆ ಅದು ಸುಮಾರು 1,600 ಮೀಟರ್ ಎತ್ತರದ ಗಾಳಿಯಂತೆ ವರ್ತಿಸುತ್ತದೆ. ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ಶಿಖರವೇ 1,748 ಮೀಟರ್ ಎಂದರೆ ಲೆಕ್ಕ ಹಾಕಿ. ಎಂಜಿನ್ನಿನ ಬಲ, ಪ್ರೊಪೆಲ್ಲರಿನ ಎಳೆತ ಎರಡೂ ಕುಗ್ಗಿ ಓಟ ಉದ್ದವಾಗುತ್ತದೆ, ರನ್‌ವೇ ಮಾತ್ರ ಇದ್ದಷ್ಟೇ ಇರುತ್ತದೆ. ತುದಿಯ ಮರಗಳು ಹತ್ತಿರವಾದಂತೆ ಹುಡುಗ ಸ್ಟಿಕ್ ಎಳೆಯುತ್ತಾನೆ.

ಆದ್ದರಿಂದ ಕೈ ಹುಡುಗನದೇ ಆದರೂ, ನಿಮ್ಮಲ್ಲಿಯೂ ನಡೆದದ್ದು ಮಧ್ಯಾಹ್ನವಾಗಿದ್ದರೆ ಆ ಹೊತ್ತಿನಲ್ಲಿ ಅವನನ್ನು ಒಬ್ಬನನ್ನೇ ಕಳುಹಿಸಿದವರನ್ನು ನಾನು ಮೊದಲು ಪ್ರಶ್ನಿಸುತ್ತೇನೆ. ವೈದ್ಯರು ಒಪ್ಪಿದ ಮೇಲೆ ಅವನು ಮತ್ತೆ ಹಾರುವುದಾದರೆ ಬೆಳಗಿನ ತಂಪಿನಲ್ಲಿ, ಬೋಧಕರ ಜೊತೆಗೇ ಆರಂಭಿಸಲಿ. ರನ್‌ವೇಯ ಅರ್ಧದ ಗುರುತು ಮುಟ್ಟುವಾಗ ನೆಲ ಬಿಡುವ ವೇಗದ ಶೇಕಡ 70ರಷ್ಟಾದರೂ ಬಂದಿರದಿದ್ದರೆ ಥ್ರಾಟಲ್ ಮುಚ್ಚಿ (ಎಂಜಿನ್ನಿನ ಬಲ ಇಳಿಸಿ) ವಿಮಾನ ನಿಲ್ಲಿಸುವುದನ್ನು ಬೇಕೆಂದೇ ಹಲವು ಸಲ ಅಭ್ಯಾಸ ಮಾಡಿಸುವಂತೆ ಕೇಳಿಕೊಳ್ಳಿ.