ಸೇವಾವಧಿಯ ನೆಗೆಟಿವ್‌ಗಳಲ್ಲಿ ಹುಳಿ ವಾಸನೆ: ಪ್ರದರ್ಶನಕ್ಕೆ ಮುನ್ನ ಮಾಡಬೇಕಾದದ್ದು

ಸೈನ್ಯದಲ್ಲಿದ್ದಾಗ ನೀವು ತೆಗೆದ, ಈಗ ಪ್ರದರ್ಶಿಸಬೇಕೆಂದಿರುವ ನೆಗೆಟಿವ್‌ಗಳು ವಿನೆಗರ್‌ನಂತೆ ವಾಸನೆ ಬೀರಿ ಸುರುಳಿಯಾಗುತ್ತಿವೆ ಎಂದು ಬರೆದಿದ್ದೀರಿ. ಇದಕ್ಕೆ ಕಾರಣ ಬಹುಮಟ್ಟಿಗೆ ಬೂಷ್ಟಲ್ಲ, ಫಿಲ್ಮ್‌ನ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ತಳವೇ ವಿಘಟನೆಗೊಳ್ಳುತ್ತಿರುವುದು. ಹೊರಬರುವ ಅಸಿಟಿಕ್ ಆಮ್ಲವು ಈ ಕ್ರಿಯೆಯನ್ನು ಇನ್ನಷ್ಟು ವೇಗಗೊಳಿಸಿ ಪಕ್ಕದ ಫಿಲ್ಮ್‌ಗಳಿಗೂ ಹಾನಿ ಮಾಡುವುದರಿಂದ, ಮೊದಲು ವಾಸನೆಯಿರುವವನ್ನು ಬೇರ್ಪಡಿಸಿ, ಪ್ಲಾಸ್ಟಿಕ್ ಕವರು ಮತ್ತು ತಗಡಿನ ಡಬ್ಬಿಗಳಿಂದ ತೆಗೆದು, ಆಮ್ಲರಹಿತ ಕಾಗದದ ಲಕೋಟೆಗಳಲ್ಲಿ ಹಾಕಿ ಗಾಳಿಯಾಡುವ ಒಣ ಜಾಗದಲ್ಲಿಡಿ.

ನಂತರ ಹೆಚ್ಚು ಹಾಳಾದವುಗಳಿಂದ ಆರಂಭಿಸಿ, ಒಂದೊಂದನ್ನೂ ಕೆಳಗಿನಿಂದ ಬೆಳಕು ಬೀರುವ ಲೈಟ್ ಬಾಕ್ಸ್ ಮೇಲಿಟ್ಟು, ತೀರ ಹತ್ತಿರದಿಂದ ಚಿತ್ರ ತೆಗೆಯುವ ಮ್ಯಾಕ್ರೋ ಲೆನ್ಸ್‌ನಿಂದ ಪ್ರತಿ ತೆಗೆಯಿರಿ. ತಳ ಕುಗ್ಗಿದಾಗ ಚಿತ್ರವಿರುವ ಪದರ ಅಲ್ಲಲ್ಲಿ ಮೇಲೆದ್ದು ಕಾಲುವೆಗಳಂತೆ ಸುಕ್ಕುಗಟ್ಟುತ್ತದೆ; ಅಂಥವನ್ನು ಗಾಜಿನಿಂದ ಒತ್ತಬೇಡಿ, ನೀರಿನಲ್ಲಂತೂ ತೊಳೆಯಲೇಬೇಡಿ. ಆ ಸುಕ್ಕುಗಳನ್ನು ಅಳಿಸದ ಒಂದು ಪ್ರತಿಯನ್ನು ಖಂಡಿತ ಉಳಿಸಿಕೊಳ್ಳಿ. ದೃಶ್ಯಕಲಾವಿದರಾಗಿ ನಿಮಗೆ ಮುಂದೆ ಅದೇ ಅತ್ಯಂತ ಬಲವಾದ ಸಾಮಗ್ರಿಯಾದೀತು ಎಂದು ನನಗನಿಸುತ್ತದೆ.

ವಾಸನೆ ಎಷ್ಟು ತೀವ್ರವೆಂದು ನೀವು ಬರೆದಿಲ್ಲವಾದ್ದರಿಂದ ಹಾನಿಯ ಹಂತವನ್ನು ಇಲ್ಲಿಂದ ಹೇಳಲಾರೆ. ಆಮ್ಲ ತಾಗಿದಾಗ ಬಣ್ಣ ಬದಲಿಸುವ ಕಾಗದದ ಎ-ಡಿ ಪಟ್ಟಿಯನ್ನು ಫಿಲ್ಮ್ ಜೊತೆ ಇಟ್ಟರೆ, ಅದು ನೀಲಿಯಿಂದ ಹಸಿರಿಗೆ, ಹಳದಿಗೆ ತಿರುಗುವುದನ್ನು ನೋಡಿ ತಿಳಿಯಬಹುದು. ಪ್ರತಿ ತೆಗೆದ ಮೇಲೆ ತೇವ ಒಳಹೋಗದಂತೆ ಎರಡು ಪದರ ಮುಚ್ಚಿ ಫ್ರೀಜರಿನಲ್ಲಿಡಿ. ಹೊರತೆಗೆದಾಗ ಕೋಣೆಯ ಉಷ್ಣತೆಗೆ ಬರುವವರೆಗೆ ಬಿಚ್ಚಬೇಡಿ.

ಸೇನಾ ನೆಲೆ, ಉಪಕರಣಗಳು ಕಾಣುವ ಚಿತ್ರಗಳನ್ನು ಪ್ರದರ್ಶಿಸಲು ಸಂಬಂಧಪಟ್ಟ ಸೇನಾ ಕಚೇರಿಯ ಲಿಖಿತ ಅನುಮತಿಯನ್ನೂ, ಮುಖ ಕಾಣುವ ಸಹಯೋಧರ ಒಪ್ಪಿಗೆಯನ್ನೂ ಈಗಲೇ ಕೇಳಿಡಿ.