ಮದರ್‌ಬೋರ್ಡ್ ಬದಲಾಯಿಸಿದ ಮೇಲೆ ವಿಂಡೋಸ್ ಆಕ್ಟಿವೇಟ್ ಆಗುತ್ತಿಲ್ಲ

ಪ್ರಶ್ನೆ: ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಸುಟ್ಟುಹೋಗಿ ಹೊಸದು ಹಾಕಿಸಿದೆ. ಈಗ ಸ್ಕ್ರೀನಿನ ಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಅಂತ ಬರುತ್ತಿದೆ. ಎರರ್ ಕೋಡ್ ಎಫ್211 ಎಂದು ಮುಗಿಯುತ್ತದೆ. ನನ್ನದು ದುಡ್ಡು ಕೊಟ್ಟು ತಗೊಂಡ ವಿಂಡೋಸ್ 11. ಅಂಗಡಿಯವರು 500 ರೂಪಾಯಿಗೆ ಬೇರೆ ಕೀ ಹಾಕಿಕೊಡುತ್ತಾರಂತೆ. ಹಾಕಿಸಲೇ?
– ಒಬ್ಬ ಓದುಗರು, ಹಾಸನ

ಉತ್ತರ: ಬೇಡ, ತಡೆಯಿರಿ. ನಿಮ್ಮ ಕೀ, ಅಂದರೆ ವಿಂಡೋಸ್ ಲೈಸೆನ್ಸಿನ ಕೋಡ್, ಕೆಟ್ಟಿಲ್ಲ. ಮೈಕ್ರೋಸಾಫ್ಟ್ ನಿಮ್ಮ ಕಂಪ್ಯೂಟರನ್ನು ಗುರುತು ಹಿಡಿಯುವುದು ಮುಖ್ಯವಾಗಿ ಮದರ್‌ಬೋರ್ಡ್‌ನಿಂದ. ಬೋರ್ಡ್ ಬದಲಾಯಿತು ಅಂದರೆ ಅದರ ಲೆಕ್ಕದಲ್ಲಿ ಇದು ಬೇರೆಯೇ ಕಂಪ್ಯೂಟರ್. ಎಫ್211 ಹೇಳುವುದೂ ಅದನ್ನೇ. ಗಾಬರಿ ಬೇಡ, ಫೈಲುಗಳಿಗೆ ಏನೂ ಆಗುವುದಿಲ್ಲ. ಸದ್ಯಕ್ಕೆ ವಾಲ್‌ಪೇಪರ್, ಥೀಮ್ ಬದಲಾಯಿಸಲು ಬಿಡುವುದಿಲ್ಲ, ಅಷ್ಟೇ.

ಮೊದಲು ಲೈಸೆನ್ಸ್ ಯಾವ ಥರದ್ದು ನೋಡಿ. ವಿಂಡೋಸ್ ಮತ್ತು ಆರ್ ಕೀಲಿ ಒಟ್ಟಿಗೆ ಒತ್ತಿ, ಎಸ್‌ಎಲ್‌ಎಂಜಿಆರ್ ಎಂಬ ಐದಕ್ಷರ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು ಸ್ಲ್ಯಾಶ್ ಮತ್ತು ಡಿಎಲ್‌ಐ ಸೇರಿಸಿ ಎಂಟರ್ ಒತ್ತಿ. ಬರುವ ಬಾಕ್ಸಿನಲ್ಲಿ ‘ರೀಟೇಲ್’ (ಬಿಡಿಯಾಗಿ ಕೊಂಡದ್ದು) ಅಂತಿದ್ದರೆ ನಿಮ್ಮ ಅದೃಷ್ಟ, ಅದನ್ನು ಹೊಸ ಬೋರ್ಡಿಗೆ ಒಯ್ಯಬಹುದು. ‘ಓಇಎಂ’ (ಕಂಪ್ಯೂಟರಿನ ಜತೆಗೇ ಬಂದದ್ದು) ಅಂತಿದ್ದರೆ ಅದು ಹಳೇ ಬೋರ್ಡಿನ ಜತೆಗೇ ಹೋಯಿತು. ವಾರಂಟಿಯಲ್ಲಿ ಕಂಪನಿಯವರೇ ಬೋರ್ಡ್ ಬದಲಾಯಿಸಿದ್ದರೆ ಮಾತ್ರ ಅವರನ್ನೇ ಕೇಳಿ.

ರೀಟೇಲ್ ಆದರೆ, ಮೊದಲು ಬಳಸುತ್ತಿದ್ದ ಮೈಕ್ರೋಸಾಫ್ಟ್ ಅಕೌಂಟಿನಿಂದಲೇ ಲಾಗಿನ್ ಆಗಿ. ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್‌ಗೆ ಹೋಗಿ ಟ್ರಬಲ್‌ಶೂಟ್ ಒತ್ತಿ. ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ’ ಎನ್ನುವ ಆಯ್ಕೆ ಇರುತ್ತದೆ. ಪಟ್ಟಿಯಲ್ಲಿ ಹಳೇ ಕಂಪ್ಯೂಟರಿನ ಹೆಸರು ಆರಿಸಿ. ಹೆಚ್ಚಿನವರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಹಳೇ ಕಂಪ್ಯೂಟರ್ ಆ ಅಕೌಂಟಿಗೆ ಸೇರಿಯೇ ಇಲ್ಲವಾದರೆ 25 ಅಕ್ಷರಗಳ ಕೀ ಹುಡುಕಿ ಟೈಪ್ ಮಾಡಿ. ಅದರಲ್ಲಿ ಸೊನ್ನೆಯಾಗಲಿ ಇಂಗ್ಲಿಷಿನ ‘ಓ’ ಆಗಲಿ ಇರುವುದೇ ಇಲ್ಲ. ಹಾಗೆ ಕಂಡರೆ ಡಿ ಅಥವಾ ಕ್ಯೂ ಇರಬೇಕು. ಬಿ ಮತ್ತು 8 ಅದಲುಬದಲಾಗುವುದು ಮಾಮೂಲಿ. ಹೋಮ್, ಪ್ರೊ ಎಂದು ವಿಂಡೋಸ್‌ನಲ್ಲಿ ಬೇರೆ ಬೇರೆ ಆವೃತ್ತಿಗಳಿವೆ; ಹೋಮ್ ಕೀ ಪ್ರೊಗೆ ಹಿಡಿಯುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಇನ್ನು ಆ 500 ರೂಪಾಯಿ ಕೀ. ಅಷ್ಟು ಅಗ್ಗಕ್ಕೆ ಸಿಗುವುದು ಎಷ್ಟೋ ಸಲ ಯಾವುದೋ ಕಂಪನಿಯ ಅಥವಾ ಕಾಲೇಜಿನ ವಾಲ್ಯೂಮ್ ಕೀ, ಅಂದರೆ ಅವರ ಹಲವು ಕಂಪ್ಯೂಟರ್‌ಗಳಿಗೆ ಒಟ್ಟಾಗಿ ಕೊಟ್ಟದ್ದು. ಅದು ಬ್ಲಾಕ್ ಆದ ದಿನ ಮತ್ತೆ ಅದೇ ಗೋಳು. ಆ್ಯಂಟಿವೈರಸ್ ಆಫ್ ಮಾಡಿ ‘ಆಕ್ಟಿವೇಟರ್’ (ಲೈಸೆನ್ಸ್ ಇಲ್ಲದೆ ಆಕ್ಟಿವೇಟ್ ಮಾಡುವ ಕಳ್ಳ ಸಾಫ್ಟ್‌ವೇರ್) ಓಡಿಸುತ್ತೇನೆ ಅಂದರಂತೂ ಕಂಪ್ಯೂಟರ್ ವಾಪಸ್ ತಂದುಬಿಡಿ. ಓಇಎಂ ಆಗಿದ್ದು ಹೊಸ ಲೈಸೆನ್ಸ್ ಕೊಳ್ಳಲೇಬೇಕಾದರೆ ಬಿಲ್ ಕೊಡುವವರ ಹತ್ತಿರ ರೀಟೇಲ್ ತಗೊಳ್ಳಿ. ದುಡ್ಡು ಜಾಸ್ತಿ, ಆದರೆ ಮುಂದೆ ಬೋರ್ಡ್ ಹೋದರೂ ಅದು ಉಳಿಯುತ್ತದೆ.