ಓದುಗರ ಪ್ರಶ್ನೆ: ಕಾಲು ಅಲುಗಿದರೆ ಶಕ್ತಿ ಮರಳಿದಂತೆಯೇ?

ಪ್ರಶ್ನೆ: ಬೊಂಡಾಸ್ (ಸ್ಕ್ವಿಡ್) ಎಂಬ ಕಡಲಜೀವಿಯ ನರವನ್ನು ಪರೀಕ್ಷಿಸಿ ಮನುಷ್ಯರ ನರ ಕೆಲಸ ಮಾಡುವ ಬಗೆಯನ್ನು ಕಂಡುಕೊಂಡರೆಂದು ಕಾಲೇಜಿನಲ್ಲಿ ಹೇಳಿದರು. ಇದು ನಿಜವೇ?
– ಪಿಯುಸಿ ವಿದ್ಯಾರ್ಥಿನಿ, ಕಾರವಾರ

ಉತ್ತರ: ನಿಜ. ಬೈತಖೋಲ ಬಂದರಿನಿಂದ ತಂದ ಬೊಂಡಾಸನ್ನು ಶುಚಿ ಮಾಡುವಾಗ ಅದರ ಚೀಲದಂಥ ಮೈಯನ್ನು ಉದ್ದಕ್ಕೆ ಸೀಳಿ ಒಳಬದಿಯನ್ನು ನೋಡಿ. ತಲೆಯ ಕಡೆಯ ಅಂಚಿನ ಹತ್ತಿರ, ಎರಡೂ ಪಕ್ಕದಲ್ಲಿ, ಒಂದೊಂದು ಗಂಟಿನಿಂದ ನಕ್ಷತ್ರಾಕಾರದಲ್ಲಿ ಹರಡಿದ ಬಿಳಿ ಎಳೆಗಳು ಕಾಣುತ್ತವೆ, ಅವೇ ನರಗಳು. ಮನುಷ್ಯನ ಅತಿ ದಪ್ಪ ನರತಂತುವೂ ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು ಮಾತ್ರ ಇದ್ದರೆ, ಕೆಲವು ಜಾತಿಯ ಬೊಂಡಾಸ್‌ಗಳ ದೈತ್ಯ ನರತಂತು ಅರ್ಧ ಮಿಲಿಮೀಟರಿಗೂ ಮೀರಿ ದಪ್ಪವಿರುತ್ತದೆ. ಹೀಗಾಗಿಯೇ ಬ್ರಿಟನ್ನಿನ ವಿಜ್ಞಾನಿಗಳಾದ ಅಲನ್ ಹಾಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಅದರೊಳಗೆ ಎಲೆಕ್ಟ್ರೋಡ್ ತೂರಿಸಿ ವಿದ್ಯುತ್ತನ್ನು ಅಳೆಯಲು ಸಾಧ್ಯವಾಯಿತು. ಸಂದೇಶ ಹಾಯುವಾಗ ಸೋಡಿಯಂ ಅಯಾನುಗಳು (ವಿದ್ಯುದಾವೇಶವುಳ್ಳ ಕಣಗಳು) ತಂತುವಿನೊಳಗೆ ನುಗ್ಗುತ್ತವೆ, ಅದರ ಬೆನ್ನಿಗೇ ಪೊಟ್ಯಾಸಿಯಂ ಹೊರಹೋಗಿ ತಂತು ಮೊದಲಿನ ಸ್ಥಿತಿಗೆ ಬರುತ್ತದೆ ಎಂಬುದನ್ನು 1952ರಲ್ಲಿ ಅವರು ಲೆಕ್ಕಸಹಿತ ತೋರಿಸಿದರು. 1963ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ನಮ್ಮ ನರಗಳಲ್ಲಿ ನಡೆಯುವುದೂ ಇದೇ ಕ್ರಿಯೆ. ಬೊಂಡಾಸ್ ತಂತುವಿನ ದಪ್ಪದಿಂದ ಪಡೆಯುವ ವೇಗವನ್ನು ನಾವು ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿಂದ ಪಡೆಯುತ್ತೇವೆ. ಆ ಹೊದಿಕೆಯುಳ್ಳ ದಪ್ಪ ತಂತುಗಳಲ್ಲಿ ಸಂದೇಶ ಸೆಕೆಂಡಿಗೆ ನೂರು ಮೀಟರಿನಷ್ಟು ಓಡಬಲ್ಲದು.

ಪ್ರಶ್ನೆ: ನಮ್ಮ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುತ್ತಿದ್ದ ಕೊನೆಗೌಡರು ಮರದಿಂದ ಬಿದ್ದು, ಎದೆಯ ಮಟ್ಟದಲ್ಲಿ ಬೆನ್ನೆಲುಬು ಮುರಿದಿದೆ. ಕಾಲುಗಳಿಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಆದರೆ ಎರಡು ತಿಂಗಳಾದ ಮೇಲೆ ಅಂಗಾಲನ್ನು ಮುಟ್ಟಿದರೆ ಕಾಲು ತಾನಾಗಿ ಮಡಚಿಕೊಳ್ಳುತ್ತಿದೆ. ಮನೆಯವರು ಬಹಳ ಆಸೆಯಿಂದಿದ್ದಾರೆ. ಇದು ಗುಣವಾಗುತ್ತಿರುವ ಲಕ್ಷಣವೇ?
– ಓದುಗರು, ಶಿರಸಿ ತಾಲೂಕು

ಉತ್ತರ: ಮನೆಯವರ ಆಸೆಯನ್ನು ಕುಗ್ಗಿಸಲು ಮನಸ್ಸಿಲ್ಲ, ಆದರೂ ಇದೊಂದನ್ನೇ ಚೇತರಿಕೆಯ ಲಕ್ಷಣವೆಂದು ಹೇಳಲಾಗದು.

ಮೆದುಳಿನಿಂದ ಹೊರಟ ಮೆದುಳುಬಳ್ಳಿ ಬೆನ್ನೆಲುಬಿನ ಕೊಳವೆಯೊಳಗೆ ಸುಮಾರು 45 ಸೆಂಟಿಮೀಟರ್ ಉದ್ದಕ್ಕೆ ಇಳಿದು, ಸೊಂಟದ ಮೊದಲೆರಡು ಕಶೇರುಗಳ (ಬೆನ್ನೆಲುಬಿನ ಮಣಿಗಳ) ಮಟ್ಟದಲ್ಲಿ ಮುಗಿಯುತ್ತದೆ. ಅದರಿಂದ 31 ಜೊತೆ ನರಗಳು ಕವಲೊಡೆಯುತ್ತವೆ. ಮೆದುಳುಬಳ್ಳಿ ಸಂದೇಶ ಸಾಗಿಸುವ ದಾರಿಯಷ್ಟೇ ಅಲ್ಲ, ಕೆಲವು ತೀರ್ಮಾನಗಳನ್ನು ಅದೇ ತೆಗೆದುಕೊಳ್ಳುತ್ತದೆ. ಮುಳ್ಳು ತುಳಿದಾಗ ಅಂಗಾಲಿನ ಜ್ಞಾನವಾಹಿ ನರ ತಂದ ಸುದ್ದಿಗೆ, ಮೆದುಳಿನ ಅಪ್ಪಣೆಗೆ ಕಾಯದೆ, ಮೆದುಳುಬಳ್ಳಿಯೇ ಕ್ರಿಯಾವಾಹಿ ನರದ ಮೂಲಕ ಕಾಲನ್ನು ಹಿಂದೆಗೆಸುತ್ತದೆ. ನೋವಿನ ಅರಿವು ನಮಗೆ ಆಮೇಲೆ ಬರುತ್ತದೆ. ಇದೇ ಪರಾವರ್ತಿತ ಪ್ರತಿಕ್ರಿಯೆ.

ಕೊನೆಗೌಡರಲ್ಲಿ ಪೆಟ್ಟಾಗಿರುವುದು ಎದೆಯ ಮಟ್ಟದಲ್ಲಿ. ಕಾಲಿನ ಪ್ರತಿಕ್ರಿಯೆಗಳನ್ನು ನಡೆಸುವ ಭಾಗ ಅದಕ್ಕಿಂತ ಕೆಳಗೆ ಬಹುಮಟ್ಟಿಗೆ ಉಳಿದುಕೊಂಡಿರಬೇಕು. ಪೆಟ್ಟಿನ ಮೊದಲ ದಿನಗಳಲ್ಲಿ, ಕೆಲವೊಮ್ಮೆ ವಾರಗಳವರೆಗೆ, ಆ ಭಾಗ ಸ್ತಬ್ಧವಾಗಿರುತ್ತದೆ. ಅದು ಮತ್ತೆ ಎಚ್ಚೆತ್ತಾಗ ಮೇಲಿನಿಂದ ಬರಬೇಕಾದ ಮೆದುಳಿನ ಹಿಡಿತ ಇಲ್ಲದಿರುವುದರಿಂದ ಪ್ರತಿಕ್ರಿಯೆಗಳು ಮೊದಲಿಗಿಂತಲೂ ಜೋರಾಗುತ್ತವೆ. ಕಾಲು ಮಡಚಿದ್ದು ಅವರ ಇಚ್ಛೆಯಿಂದಲ್ಲ. ಹೇಳಿದಾಗ ಹೆಬ್ಬೆರಳನ್ನು ಅಲುಗಿಸಬಲ್ಲರೇ, ಗುದದ್ವಾರದ ಸುತ್ತಲಿನ ಚರ್ಮದಲ್ಲಿ ಸೂಜಿಯ ಚುಚ್ಚು ತಿಳಿಯುತ್ತದೆಯೇ ಎಂಬುದನ್ನು ವೈದ್ಯರು ಪರೀಕ್ಷಿಸುತ್ತಾರೆ. ಭರವಸೆ ಇಡಬೇಕಾದದ್ದು ಈ ಲಕ್ಷಣಗಳ ಮೇಲೆ. ಕೈಯ ನರ ತುಂಡಾದರೆ ಅದನ್ನು ಹೊಲಿದ ಮೇಲೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯಬಲ್ಲದು, ಆದರೆ ಮೆದುಳುಬಳ್ಳಿಯಲ್ಲಿ ಗಾಯದ ಕಲೆಯೂ ಅಲ್ಲಿನ ಮಯಲಿನ್‌ನಲ್ಲಿರುವ ಕೆಲವು ಪ್ರೋಟೀನುಗಳೂ ಆ ಬೆಳವಣಿಗೆಯನ್ನು ತಡೆಯುತ್ತವೆ.

ಮನೆಯವರು ಈಗ ಗಮನಿಸಬೇಕಾದದ್ದು ಬೇರೆಯೇ ಇದೆ. ಕಾಲು ಮಡಚಿಕೊಳ್ಳುವುದು ಏಕಾಏಕಿ ಹೆಚ್ಚಾದರೆ, ಅವರಿಗೆ ತಿಳಿಯದ ಮೂತ್ರದ ಸೋಂಕು, ಮಲಬದ್ಧತೆ ಅಥವಾ ಹಾಸಿಗೆ ಹುಣ್ಣು ಅದಕ್ಕೆ ಕಾರಣವಾಗಿರಬಹುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನು, ಪೃಷ್ಠ ಮತ್ತು ಹಿಮ್ಮಡಿಯ ಚರ್ಮವನ್ನು ದಿನವೂ ನೋಡಬೇಕು. ಕೀಲುಗಳು ಬಿಗಿಯದಂತೆ ಫಿಸಿಯೋಥೆರಪಿ ನಿಲ್ಲಿಸಬಾರದು. ಪೆಟ್ಟು ಎದೆಯ ಮೇಲ್ಭಾಗದಲ್ಲಿದ್ದು, ಜೋರಾದ ತಲೆನೋವು, ಮುಖ ಕೆಂಪೇರುವುದು, ಬೆವರು ಒಟ್ಟಾಗಿ ಕಾಣಿಸಿಕೊಂಡರೆ ರಕ್ತದೊತ್ತಡ ಅಪಾಯಕರವಾಗಿ ಏರಿರಬಹುದು. ಅವರನ್ನು ಎಬ್ಬಿಸಿ ಕೂರಿಸಿ, ಮೂತ್ರದ ನಳಿಕೆ ಕಟ್ಟಿಕೊಂಡಿದೆಯೇ ನೋಡಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಕೊನೆ ಕೊಯ್ಲು ನಡೆಸುವ ಇತರರಿಗೂ ಒಂದು ಮಾತು. ಮರದಿಂದ ಬಿದ್ದವರನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತೋಟದಿಂದ ಮೇಲೆ ತರುವುದು ನಮ್ಮಲ್ಲಿ ವಾಡಿಕೆ. ಜೋಲಿಯಲ್ಲಿ ಬೆನ್ನು ಬಾಗುವುದರಿಂದ, ಮುರಿದ ಮೂಳೆ ಮೆದುಳುಬಳ್ಳಿಗೆ ಇನ್ನಷ್ಟು ಹಾನಿ ಮಾಡಬಹುದು. ಅವರನ್ನು ಬಿದ್ದಲ್ಲೇ ಮಲಗಿಸಿ 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾದರೆ ಅಗಲದ ಹಲಗೆಯೊಂದನ್ನು ತಂದು, ತಲೆ, ಕುತ್ತಿಗೆ, ಬೆನ್ನು ಒಂದೇ ನೇರಕ್ಕೆ ಇರುವಂತೆ ನಾಲ್ಕೈದು ಮಂದಿ ಒಟ್ಟಾಗಿ ಎತ್ತಿ ಮಲಗಿಸಿ ಹೊರಬೇಕು.